ಊರಾಳುವವರಿಗೆ ಒಂದು ಆಟದ ಪಾಠ

ಶಸ್ತ್ರವೈದ್ಯನಾಗಬೇಕೆನ್ನುವ ಶಿಷ್ಯನು ಗ್ರಂಥಗಳನ್ನೆಲ್ಲ ಕಂಠಪಾಠ ಮಾಡಿದ್ದರೂ ಕೈಗೆ ಅಭ್ಯಾಸವಿಲ್ಲದಿದ್ದರೆ ರೋಗಿಯ ಬಳಿ ಸುಳಿಯತಕ್ಕವನಲ್ಲವೆಂಬುದನ್ನು ನಮ್ಮ ಪ್ರಾಚೀನ ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕಾಗಿಯೇ ‘ಯೋಗ್ಯಾಸೂತ್ರೀಯ’ವೆಂಬ ಅಧ್ಯಾಯವೊಂದುಂಟು. ‘ಯೋಗ್ಯಾ’ ಎಂದರೆ ಅಭ್ಯಾಸ. ಕುಂಬಳ, ಸೋರೆ, ಕಲ್ಲಂಗಡಿ, ಸೌತೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವುದನ್ನೂ, ನೀರು ಕೆಸರು ತುಂಬಿದ ಚರ್ಮದ ಚೀಲಗಳ ಮೇಲೆ ಸೀಳುವುದನ್ನೂ, ದಪ್ಪ ಬಟ್ಟೆಯ ಮೇಲೆ ಹೊಲಿಗೆ ಹಾಕುವುದನ್ನೂ, ಮನುಷ್ಯಾಕಾರದ ಬೊಂಬೆಯ ಮೇಲೆ ಪಟ್ಟಿ ಕಟ್ಟುವುದನ್ನೂ ಗುರುವು ಶಿಷ್ಯನಿಂದ ಮಾಡಿಸಬೇಕೆಂದು ಅಲ್ಲಿ ವಿಧಿಸಿದೆ. ಕುಂಬಳಕಾಯಿಯು ತಪ್ಪಿ ಎರಡು ಹೋಳಾದರೆ ಯಾರಿಗೂ ನಷ್ಟವಿಲ್ಲ. ಮನುಷ್ಯನ ಮೈಯಲ್ಲಿ ಕೈ ತಪ್ಪಿದರೆ ಅದಕ್ಕೆ ಪರಿಹಾರವಿಲ್ಲ. ಇದೇ ಆ ವಿಧಿಯ ತಾತ್ಪರ್ಯವು.

ವೈದ್ಯನಿಗೆ ಕುಂಬಳಕಾಯಿಯುಂಟು. ಊರನ್ನು ಆಳುವವನಿಗೆ ಏನುಂಟು? ವಾಚಕರು ಸ್ವಲ್ಪ ಆಲೋಚಿಸಬೇಕು. ನಗರಸಭೆಗೆ ಚುನಾಯಿತನಾಗಿ ಬರುವವನು ವರ್ತಕನಿರಬಹುದು, ವಕೀಲನಿರಬಹುದು, ಉಪಾಧ್ಯಾಯಿನಿಯಿರಬಹುದು, ಗೃಹಿಣಿಯಿರಬಹುದು. ಜನರ ವಿಶ್ವಾಸವು ಅವರಿಗುಂಟು. ಭೂಮಿ ಕಟ್ಟಡಗಳ ವ್ಯವಹಾರದ ಪರಿಚಯವಾದರೋ ಬಹುಮಟ್ಟಿಗೆ ಇರುವುದಿಲ್ಲ. ಅಧಿಕಾರವನ್ನು ವಹಿಸಿಕೊಂಡ ಕೆಲವೇ ವಾರಗಳಲ್ಲಿ ಮೇಜಿನ ಮೇಲೆ ಕಡತವೊಂದು ಬಂದು ಕುಳಿತುಕೊಳ್ಳುವುದು: ಹಾಳುಬಿದ್ದ ಕಾರ್ಖಾನೆಯ ಜಾಗದಲ್ಲಿ ಐದಂತಸ್ತಿನ ಮನೆಗಳನ್ನು ಕಟ್ಟಲು ಒಬ್ಬ ಉದ್ಯಮಿಯು ಅಪ್ಪಣೆ ಬೇಡಿದ್ದಾನೆ, ನೆರೆಯವರು ಬೇಡವೆಂದು ಕೂಗುತ್ತಿದ್ದಾರೆ, ಬಡವರು ನಮಗೂ ನೆಲೆ ಬೇಕೆನ್ನುತ್ತಿದ್ದಾರೆ. ಸದಸ್ಯನು ಕೈಯೆತ್ತಬೇಕು, ಇಲ್ಲವೆ ಇಳಿಸಬೇಕು. ಹೀಗೆ ಅವನು ಮೊದಲ ಅಭ್ಯಾಸವನ್ನು ಸಜೀವವಾದ ಊರಿನ ಮೇಲೆಯೇ ಮಾಡುವನು. ಅವನ ನಿರ್ಣಯವು ಗಾರೆ ಕಲ್ಲುಗಳಾಗಿ ನಿಂತರೆ ಎರಡು ತಲೆಮಾರುಗಳವರೆಗೆ ಕದಲದು.

ಅಮೆರಿಕ ದೇಶದಲ್ಲಿ ಈ ಕೊರತೆಗೆ ಒಂದು ಉಪಾಯವನ್ನು ಕಂಡುಕೊಂಡಿರುವರು. ಅದನ್ನು ನಮ್ಮ ವಾಚಕರಿಗೆ ಪರಿಚಯ ಮಾಡಿಕೊಟ್ಟು, ಅದರ ಗುಣದೋಷಗಳನ್ನು ವಿಚಾರಿಸುವುದೇ ಈ ತಿಂಗಳ ಪ್ರಕೃತ ವಿಷಯವು.

ಅರ್ಬನ್ ಲ್ಯಾಂಡ್ ಇನ್ಸ್ಟಿಟ್ಯೂಟ್ ಎಂಬ ಸಂಸ್ಥೆಯು 1936ರಲ್ಲಿ ಆ ದೇಶದಲ್ಲಿ ಸ್ಥಾಪಿತವಾಯಿತು. ಕಟ್ಟಡದ ಉದ್ಯಮಿಗಳು, ವಾಸ್ತುಶಿಲ್ಪಿಗಳು, ಸಾಲ ಕೊಡುವವರು, ವಕೀಲರು, ನಗರಯೋಜಕರು ಇದರ ಸದಸ್ಯರು. ಈ ಸಂಸ್ಥೆಯೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ವಿದ್ವಾಂಸರೂ ಕೂಡಿ ಈ ಶತಮಾನದ ಆರಂಭದ ವರ್ಷಗಳಲ್ಲಿ ‘ಅರ್ಬನ್ ಪ್ಲಾನ್’ ಎಂಬ ಪಾಠಕ್ರಮವೊಂದನ್ನು ರಚಿಸಿದರು. ಮೊದಲು ಇದು ಪ್ರೌಢಶಾಲೆಯ ಕೊನೆಯ ತರಗತಿಗಳ ವಿದ್ಯಾರ್ಥಿಗಳಿಗಾಗಿ ಹುಟ್ಟಿದ್ದು. ಮಕ್ಕಳಿಗೆ ಬೋಧವಾಗುವುದನ್ನು ಕಂಡವರಿಗೆ, ಇದು ಮಕ್ಕಳ ತಂದೆತಾಯಿಗಳಿಗೂ ಊರಿನ ಆಡಳಿತಗಾರರಿಗೂ ಅಷ್ಟೇ ಅವಶ್ಯಕವೆಂದು ತೋರಿತು. ಆದ್ದರಿಂದ ಅದೇ ಪಾಠವನ್ನು ಸಂಕ್ಷೇಪಿಸಿ, ನಗರಸಭೆಯ ಸದಸ್ಯರು, ಮೇಯರುಗಳು, ಯೋಜನಾ ಮಂಡಲಿಯವರು ಮೊದಲಾದ ಸಾರ್ವಜನಿಕ ಅಧಿಕಾರಿಗಳಿಗೆಂದೇ ಪ್ರತ್ಯೇಕ ಶಿಬಿರವನ್ನು ಏರ್ಪಡಿಸುವ ವಾಡಿಕೆಯು ಮುಂದೆ ಬಂದಿತು.

ಆಟದ ಕ್ರಮವು ಹೀಗಿದೆ. ಯಾರ್ಕ್‌ಟೌನ್ ಎಂಬ ಕಲ್ಪಿತ ನಗರವೊಂದುಂಟು. ಅದರ ಒಂದು ಹಳೆಯ ಕೇರಿಯು ಜೀರ್ಣವಾಗಿದೆ. ಅದನ್ನು ಹೊಸದಾಗಿ ಕಟ್ಟಲು ನಗರಸಭೆಯು ಯೋಜನೆಗಳನ್ನು ಆಹ್ವಾನಿಸಿದೆ. ಆಡುವವರು ಐವರ ತಂಡಗಳಾಗಿ ಕುಳಿತು, ಒಂದೊಂದು ತಂಡವು ಒಂದೊಂದು ಕಟ್ಟಡದ ಕಂಪೆನಿಯೆಂದು ಭಾವಿಸಿಕೊಳ್ಳಬೇಕು. ಐವರಲ್ಲಿ ಒಬ್ಬರು ಹಣಕಾಸಿನ ಲೆಕ್ಕಿಗರು, ಒಬ್ಬರು ಮಾರಾಟವನ್ನು ನೋಡುವವರು, ಒಬ್ಬರು ಜಾಗದ ನಕ್ಷೆಯನ್ನು ಮಾಡುವವರು, ಒಬ್ಬರು ನಗರಸಭೆಯೊಡನೆ ಮಾತನಾಡುವವರು, ಮತ್ತೊಬ್ಬರು ಕೇರಿಯ ನಿವಾಸಿಗಳೊಡನೆ ಮಾತನಾಡುವವರು. ಮೇಜಿನ ಮೇಲೆ ಜಾಗದ ಪಟವನ್ನು ಹರಡಿ, ಮಕ್ಕಳು ಆಡುವ ಲೆಗೊ ತುಂಡುಗಳನ್ನು ಅದರ ಮೇಲೆ ಇಡುವರು. ಒಂದು ಬಣ್ಣವು ಮನೆಗೆ, ಇನ್ನೊಂದು ಅಂಗಡಿಗೆ, ಮತ್ತೊಂದು ಕಚೇರಿಗೆ ಸಂಕೇತ. ಒಂದು ತುಂಡನ್ನು ಇಟ್ಟರೆ, ತೆಗೆದರೆ, ಪಕ್ಕದ ಗಣಕಯಂತ್ರದಲ್ಲಿನ ಲೆಕ್ಕದ ಹಾಳೆಯು ಖರ್ಚೆಷ್ಟು, ಹುಟ್ಟುವಳಿಯೆಷ್ಟು, ನಗರಕ್ಕೆ ಬರುವ ತೆರಿಗೆಯೆಷ್ಟು ಎಂಬುದನ್ನು ಕೂಡಲೆ ತೋರಿಸುವುದು.

ಆ ಕೇರಿಯಲ್ಲಿ ನಿರ್ಗತಿಕರ ಆಶ್ರಯಶಾಲೆಯೊಂದಿದೆ. ಅದನ್ನು ಉಳಿಸಬೇಕೆ, ಬೇರೆ ಕಡೆಗೆ ಸಾಗಿಸಬೇಕೆ ಎಂಬ ಪ್ರಶ್ನೆಯುಂಟು. ಅಗ್ಗದ ಸರಕಿನ ದೊಡ್ಡ ಅಂಗಡಿಯನ್ನು ಕರೆತಂದರೆ ತೆರಿಗೆ ಹೆಚ್ಚುವುದು. ಕೇರಿಯವರಿಗೆ ಅದು ಬೇಡ. ಬಡವರ ಕೈಗೆಟಕುವ ಮನೆಗಳು ಬೇಕೆಂದು ಎಲ್ಲರೂ ಹೇಳುವರು. ಹಣದ ಹಾಳೆಯು ಮಾತ್ರ ಒಪ್ಪದು. ಉದ್ಯಮದಲ್ಲಿ ನುರಿತ ಸ್ವಯಂಸೇವಕರು ಮೇಜಿನಿಂದ ಮೇಜಿಗೆ ಬಂದು ಪ್ರಶ್ನೆಗಳನ್ನು ಕೇಳುವರೇ ಹೊರತು ಉತ್ತರವನ್ನು ಹೇಳಿಕೊಡುವುದಿಲ್ಲ. ಕಡೆಯಲ್ಲಿ ಪ್ರತಿಯೊಂದು ತಂಡವೂ ನಗರಸಭೆಯ ವೇಷದಲ್ಲಿ ಕುಳಿತವರ ಮುಂದೆ ತನ್ನ ಯೋಜನೆಯನ್ನು ನಿವೇದಿಸಬೇಕು. ಒಂದು ತಂಡಕ್ಕೆ ಮಾತ್ರ ಜಯ. ನಿಜವಾದ ನಗರಸಭೆಯ ಸದಸ್ಯನು ಆ ದಿನ ಉದ್ಯಮಿಯ ಕುರ್ಚಿಯಲ್ಲಿ ಕುಳಿತು, ತಾನು ನಿತ್ಯವೂ ಕೇಳುವ ಪ್ರಶ್ನೆಗಳಿಗೆ ತಾನೇ ಉತ್ತರ ಕೊಡಬೇಕಾಗುವುದು. ಕುರ್ಚಿಯ ಈ ವಿನಿಮಯದಲ್ಲಿಯೇ ಆಟದ ಶಕ್ತಿಯೆಲ್ಲವೂ ಅಡಗಿರುವುದು.

ಇದು ಎಂತಹ ಪಾಠವೆಂಬುದನ್ನು ಒಂದು ಲೆಕ್ಕದಿಂದ ತಿಳಿಸುವೆನು. ಕೆಳಗಿನ ಅಂಕಿಗಳು ಆ ಆಟದವಲ್ಲ. ಬೋಧನೆಗಾಗಿ ನಾನೇ ಕಲ್ಪಿಸಿಕೊಂಡವು. ಮನೆಯ ಜಮಾಖರ್ಚನ್ನು ಬರೆಯಬಲ್ಲ ಯಾರಿಗಾದರೂ ಇದು ಕರತಲಾಮಲಕವಾಗುವುದು.

ಒಬ್ಬ ಉದ್ಯಮಿಯು ನಗರದಿಂದ 20 ಲಕ್ಷ ಡಾಲರಿಗೆ ಜಾಗವನ್ನು ಕೊಂಡು 100 ಮನೆಗಳನ್ನು ಕಟ್ಟುವನೆನ್ನೋಣ. ಒಂದೊಂದು ಮನೆಗೆ ಒಂದು ಲಕ್ಷದಂತೆ 100 ಲಕ್ಷ. ರಸ್ತೆ, ಚರಂಡಿ, ಶುಲ್ಕ, ಬಡ್ಡಿ ಮುಂತಾದವಕ್ಕೆ 30 ಲಕ್ಷ. ಒಟ್ಟು ಖರ್ಚು 150 ಲಕ್ಷ. ಒಂದು ಮನೆಯನ್ನು 1.7 ಲಕ್ಷಕ್ಕೆ ಮಾರಿದರೆ 170 ಲಕ್ಷ ಬರುವುದು. ಉಳಿತಾಯವು 20 ಲಕ್ಷ, ಎಂದರೆ ನೂರಕ್ಕೆ 13ಕ್ಕೆ ತುಸು ಮೇಲೆ. ಹಣ ಹೂಡುವವರು ನೂರಕ್ಕೆ 12 ಬಾರದಿದ್ದರೆ ಗಂಟನ್ನು ಬಿಚ್ಚುವುದಿಲ್ಲವೆಂದಿಟ್ಟುಕೊಳ್ಳಿರಿ. ಇಲ್ಲಿಯವರೆಗೆ ಕೆಲಸವು ಸಾಗುವುದು.

ಈಗ ಸದಸ್ಯರೊಬ್ಬರು ಎದ್ದು, ಹತ್ತು ಮನೆಗಳನ್ನು ಬಡವರಿಗೆ ಒಂದೊಂದು ಲಕ್ಷಕ್ಕೇ ಕೊಡತಕ್ಕದ್ದೆಂದು ಷರತ್ತು ಹಾಕುವರು. ಬೇಡಿಕೆಯು ನ್ಯಾಯವಾದದ್ದೇ. ಆದರೆ ಹುಟ್ಟುವಳಿಯು 163 ಲಕ್ಷಕ್ಕೆ ಇಳಿಯಿತು. ಉಳಿತಾಯವು 13 ಲಕ್ಷ, ನೂರಕ್ಕೆ 9ಕ್ಕೂ ಕಡಿಮೆ. ಹಣ ಹೂಡುವವನು ಎದ್ದುಹೋದನು. ನೂರು ಮನೆಗಳೂ ಇಲ್ಲ, ಹತ್ತು ಮನೆಗಳೂ ಇಲ್ಲ.

ಹಾಗಾದರೆ ಬಡವರಿಗೆ ನೆಲೆಯಿಲ್ಲವೆ? ಉಂಟು, ಆದರೆ ಅದರ ಬೆಲೆಯನ್ನು ಯಾರೋ ತೆರಬೇಕು. ಕಟ್ಟಡವನ್ನು ಎತ್ತರಿಸಿ ಇನ್ನೂ 15 ಮನೆಗಳಿಗೆ ಅಪ್ಪಣೆ ಕೊಟ್ಟರೆ, ಅವುಗಳಿಗೆ ಎಲ್ಲ ಸೇರಿ 17 ಲಕ್ಷ ಖರ್ಚಾಗಿ 25.5 ಲಕ್ಷ ಬರುವುದು. ಒಟ್ಟು ಖರ್ಚು 167, ಹುಟ್ಟುವಳಿ 188.5, ಉಳಿತಾಯ 21.5 ಲಕ್ಷ, ನೂರಕ್ಕೆ 12 ಮತ್ತೆ ಕೂಡಿಬಂದಿತು. ಇಲ್ಲಿ ಬೆಲೆ ತೆತ್ತವರು ನೆರೆಯವರು. ಅವರ ಅಂಗಳದ ಬಿಸಿಲು ಸ್ವಲ್ಪ ಹೋಯಿತು. ಅದು ಬೇಡವಾದರೆ ನಗರಸಭೆಯೇ ಜಾಗವನ್ನು 20ಕ್ಕೆ ಬದಲಾಗಿ 15 ಲಕ್ಷಕ್ಕೆ ಕೊಡಬಹುದು. ಆಗ ಖರ್ಚು 145, ಹುಟ್ಟುವಳಿ 163, ಉಳಿತಾಯ 18 ಲಕ್ಷ. ನೂರಕ್ಕೆ 12 ದಾಟಿತು. ಇಲ್ಲಿ ಬೆಲೆ ತೆತ್ತದ್ದು ಬೊಕ್ಕಸ, ಎಂದರೆ ತೆರಿಗೆ ಕೊಡುವ ಎಲ್ಲರೂ. ಎರಡೂ ಬೇಡವೆಂದರೆ ಬೆಲೆ ತೆರುವವರು ಆ ಹತ್ತು ಕುಟುಂಬಗಳವರೇ. ನಾಲ್ಕನೆಯ ಮಾರ್ಗವು ಬಾಯಲ್ಲಿ ಹೇಳುವುದಕ್ಕುಂಟು; ಹಾಳೆಯಲ್ಲಿ ಬರೆಯುವುದಕ್ಕಿಲ್ಲ.

ಕಾಲಕ್ಕೂ ಬೆಲೆಯುಂಟು. ಷರತ್ತೇನೂ ಇಲ್ಲದ ಮೊದಲಿನ ಯೋಜನೆಯನ್ನೇ ತೆಗೆದುಕೊಳ್ಳಿರಿ. ಸಭೆಗಳು ಮುಂದೆ ಮುಂದೆ ಹೋಗಿ ಒಂದು ವರ್ಷ ತಡವಾದರೆ, ಜಾಗಕ್ಕಾಗಿ ನೂರಕ್ಕೆ ಹತ್ತರಂತೆ ಸಾಲ ತಂದ 20 ಲಕ್ಷಕ್ಕೆ 2 ಲಕ್ಷ ಬಡ್ಡಿ ಏರುವುದು. ಖರ್ಚು 152, ಉಳಿತಾಯ 18. ನೂರಕ್ಕೆ 12ಕ್ಕೆ ಅದೂ ಸಾಲದು. ಯಾರೂ ಬೇಡವೆನ್ನದೆ, ಯಾರೂ ಬೇಕೆನ್ನದೆ, ಬರಿಯ ವಿಳಂಬದಿಂದಲೇ ಒಂದು ಕೆಲಸವು ಸಾಯಬಹುದು. ಕಡತವನ್ನು ಮುಂದೂಡುವುದು ನಿರ್ಣಯವಲ್ಲವೆಂದು ತಿಳಿದಿರುವ ಅಧಿಕಾರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇದನ್ನೆಲ್ಲ ಓದಿದ ವಾಚಕರು, ‘ಇದು ಉದ್ಯಮಿಗಳ ಪರವಾದ ವಾದವಲ್ಲವೆ?’ ಎಂದು ಕೇಳಬಹುದು. ಅಲ್ಲ, ಲೆಕ್ಕವು ಎರಡೂ ಬದಿಗೆ ಕೊಯ್ಯುವ ಕತ್ತಿ. ಅದೇ ಉದ್ಯಮಿಯು ಹತ್ತು ಮನೆಗಳ ಷರತ್ತನ್ನು ಕೇಳಿ, ‘ಸಾಧ್ಯವಿಲ್ಲ, ನಾನು ಮುಳುಗಿಹೋಗುವೆನು’ ಎಂದು ಕೈಮುಗಿಯುವನೆನ್ನಿ. ಲೆಕ್ಕವನ್ನರಿಯದ ಸದಸ್ಯನು ಒಂದೋ ಮರುಗಿ ಷರತ್ತನ್ನು ಬಿಡುವನು, ಇಲ್ಲವೆ ರೇಗಿ ಕಡತವನ್ನು ಎಸೆಯುವನು. ಲೆಕ್ಕವನ್ನರಿತವನು ಹಾಳೆಯನ್ನು ತರಿಸಿ ನೋಡಿ, ‘ಪಕ್ಕದ ಬೀದಿಯಲ್ಲಿ ಇಂತಹ ಮನೆಗಳು 1.8 ಲಕ್ಷಕ್ಕೆ ಹೋಗುತ್ತಿವೆ, ನೀವು 1.7 ಎಂದು ಬರೆದಿರುವುದೇಕೆ?’ ಎಂದು ಕೇಳುವನು. ಆ ಒಂದು ಅಂಕಿಯನ್ನು ತಿದ್ದಿದರೆ, ಹತ್ತು ಮನೆಗಳನ್ನು ಅಗ್ಗವಾಗಿ ಕೊಟ್ಟ ಮೇಲೂ ಹುಟ್ಟುವಳಿಯು 172 ಲಕ್ಷ. ಉಳಿತಾಯವು 22 ಲಕ್ಷ. ನೂರಕ್ಕೆ 14ಕ್ಕೂ ಮೇಲೆ! ಒಂದು ದಶಾಂಶದ ಜ್ಞಾನವು ಹತ್ತು ಸಂಸಾರಗಳಿಗೆ ಮನೆಯಾಯಿತು. ಅಜ್ಞಾನಿಯ ಕರುಣೆಗೂ ಅಜ್ಞಾನಿಯ ಕೋಪಕ್ಕೂ ಫಲವು ಒಂದೇ. ಬಡವನಿಗೆ ಏನೂ ದಕ್ಕುವುದಿಲ್ಲ.

ಇದು ಆಟದ ಗುಣ. ಇನ್ನು ಅದರ ಮಿತಿಯನ್ನು ಹೇಳದೆ ಮುಗಿಸುವುದು ಧರ್ಮವಲ್ಲ. ಪ್ರತಿಯೊಂದು ಆಟದಲ್ಲಿಯೂ ಅದನ್ನು ರಚಿಸಿದವರ ಬುದ್ಧಿಯು ನಿಯಮಗಳ ರೂಪದಿಂದ ಅವಿತುಕೊಂಡಿರುವುದು. ಆಡುವವನಿಗೆ ನಿಯಮವು ಪ್ರಕೃತಿಯಂತೆ ಕಾಣುವುದು. ಅದು ಒಬ್ಬರ ಅಭಿಪ್ರಾಯವೆಂಬುದು ಮರೆತುಹೋಗುವುದು. ಎರಡು ನಿದರ್ಶನಗಳನ್ನು ಕೊಡುವೆನು.

ಎಲಿಜಬೆತ್ ಮೇಗೀ ಎಂಬ ಅಮೆರಿಕದ ಮಹಿಳೆಯು 1904ರಲ್ಲಿ ‘ಲ್ಯಾಂಡ್‌ಲಾರ್ಡ್ಸ್ ಗೇಮ್’, ಎಂದರೆ ಜಮೀನ್ದಾರನ ಆಟವೆಂಬ ಹಲಗೆಯಾಟಕ್ಕೆ ಪೇಟೆಂಟು ಪಡೆದಳು. ಭೂಮಿಯ ಬೆಲೆಯು ಒಡೆಯನ ದುಡಿಮೆಯಿಂದಲ್ಲ, ಸುತ್ತಲಿನ ಸಮಾಜದ ಬೆಳವಣಿಗೆಯಿಂದ ಏರುವುದು. ಆದ್ದರಿಂದ ಆ ಏರಿಕೆಯು ಸಮಾಜಕ್ಕೇ ಸೇರಬೇಕು ಎಂಬ ಹೆನ್ರಿ ಜಾರ್ಜನ ಅರ್ಥಶಾಸ್ತ್ರವನ್ನು ಬೋಧಿಸುವುದೇ ಅವಳ ಉದ್ದೇಶವಾಗಿತ್ತು. ಬಾಡಿಗೆಯು ಹೇಗೆ ಒಬ್ಬನನ್ನು ಕೊಬ್ಬಿಸಿ ಉಳಿದವರನ್ನು ಬರಿಗೈ ಮಾಡುವುದೆಂಬುದನ್ನು ತೋರಿಸಲು ಅವಳು ಆಟವನ್ನು ಮಾಡಿದಳು. ಅದೇ ಆಟವು ಕೈಯಿಂದ ಕೈಗೆ ಹೋಗಿ, ರೂಪಾಂತರ ಹೊಂದಿ, 1935ರಲ್ಲಿ ‘ಮೊನಾಪಲಿ’ ಎಂಬ ಹೆಸರಿನಿಂದ ಪೇಟೆಗೆ ಬಂದಾಗ, ಉಳಿದವರನ್ನು ಬರಿಗೈ ಮಾಡುವುದೇ ಆಟದ ಗುರಿಯೂ ಆನಂದವೂ ಆಯಿತು. ಹಲಗೆಯು ಹೆಚ್ಚುಕಡಿಮೆ ಅದೇ, ಪಾಠವು ತಿರುಗುಮುರುಗು.

ಎರಡನೆಯದು 1969ರ ಸಂಗತಿ. ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದ ಪ್ರೊಫೆಸರ್ ಜೇ ಫಾರೆಸ್ಟರ್ ಅವರು, ಬಾಸ್ಟನ್ನಿನ ಮಾಜಿ ಮೇಯರ್ ಜಾನ್ ಕಾಲಿನ್ಸ್ ಅವರೊಡನೆ ಸಮಾಲೋಚಿಸಿ, ಒಂದು ನಗರದ ಏಳುಬೀಳುಗಳನ್ನೆಲ್ಲ ಗಣಕಯಂತ್ರದಲ್ಲಿ ಸಮೀಕರಣಗಳಾಗಿ ಕಟ್ಟಿ ‘ಅರ್ಬನ್ ಡೈನಮಿಕ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಬಡವರಿಗಾಗಿ ಸರಕಾರವು ಅಗ್ಗದ ಮನೆಗಳನ್ನು ಕಟ್ಟಿಸಿದರೆ ನಗರವು ಇನ್ನಷ್ಟು ಕೆಡುವುದೆಂದು ಆ ಯಂತ್ರವು ಹೇಳಿತು. ಯಂತ್ರವೇ ಹೇಳಿದ ಮೇಲೆ ಬೇರೆ ಮಾತೇನೆಂದು ಕೆಲವರು ತಲೆದೂಗಿದರು. ನಗರದ ಸುತ್ತಲಿನ ಹೊರಕೇರಿಗಳನ್ನು ಆ ಲೆಕ್ಕದಲ್ಲಿ ಸೇರಿಸಿಯೇ ಇಲ್ಲವೆಂದು ವಿಮರ್ಶಕರು ಎತ್ತಿ ತೋರಿದರು. ಇಪ್ಪತ್ತು ವರ್ಷಗಳ ಬಳಿಕ, 1989ರಲ್ಲಿ, ವಿಲ್ ರೈಟ್ ಎಂಬವನು ಈ ಗ್ರಂಥದಿಂದ ಪ್ರೇರಿತನಾಗಿ ‘ಸಿಮ್‌ಸಿಟಿ’ ಎಂಬ ಗಣಕದಾಟವನ್ನು ಹೊರತಂದನು. ಅದು ಮನೆಮನೆಯ ಹುಡುಗರ ಕೈಗೂ ಹೋಯಿತು. ಯಂತ್ರವು ಕೊಡುವ ಉತ್ತರವು ನಾವು ಅದರೊಳಗಿಟ್ಟ ಊಹೆಯ ಪ್ರತಿಧ್ವನಿಯೇ ಹೊರತು ಅಶರೀರವಾಣಿಯಲ್ಲ.

ಈ ಒರೆಗಲ್ಲಿನ ಮೇಲೆ ಯಾರ್ಕ್‌ಟೌನಿನ ಆಟವನ್ನೂ ತಿಕ್ಕಿ ನೋಡಬೇಕು. ಅದನ್ನು ರಚಿಸಿದ ಸಂಸ್ಥೆಯ ಸದಸ್ಯರಲ್ಲಿ ಉದ್ಯಮಿಗಳೂ ಉಂಟು. ಪ್ರಶ್ನೆ ಕೇಳುವ ಸ್ವಯಂಸೇವಕರೂ ಅವರೊಳಗಿನವರು. ಅವರು ಸಜ್ಜನರೂ ಅನುಭವಿಗಳೂ ಆಗಿರುವುದರಲ್ಲಿ ಸಂದೇಹವಿಲ್ಲ. ಆದರೂ ಮೇಜಿನ ಸುತ್ತಲಿನ ಐದು ಕುರ್ಚಿಗಳೂ ಕಂಪೆನಿಯ ಕುರ್ಚಿಗಳೇ. ಕೇರಿಯವರೊಡನೆ ಮಾತನಾಡುವವನಿಗೆ ಕುರ್ಚಿಯುಂಟು, ಕೇರಿಯವನಿಗೇ ಇಲ್ಲ. ಆಶ್ರಯಶಾಲೆಯನ್ನು ಉಳಿಸುವ ಕಳಿಸುವ ಮಾತು ನಡೆಯುವಾಗ, ಆ ರಾತ್ರಿ ಅಲ್ಲಿ ಮಲಗುವವನು ಮೇಜಿನ ಬಳಿ ಇಲ್ಲ. ಅವನು ಪಟದ ಮೇಲಿನ ಒಂದು ತುಂಡು. ಹಾಳೆಯಲ್ಲಿ ಅವನ ಹೆಸರಿಗೆ ಖರ್ಚಿನ ಸಾಲುಂಟು, ಹುಟ್ಟುವಳಿಯ ಸಾಲಿಲ್ಲ. ನೂರಕ್ಕೆ 12 ಎಂಬುದೂ ದೈವನಿಯಮವಲ್ಲ. ಹಣ ಹೂಡುವವರ ಅಪೇಕ್ಷೆ. ಜಾಗದ ಬೆಲೆಯು 20 ಲಕ್ಷವಾದದ್ದು ಹೇಗೆ, ಊರವರು ಹಾಕಿಸಿದ ರಸ್ತೆ ನೀರು ದೀಪಗಳಿಂದಲೇ ಅಲ್ಲವೆ ಎಂದು ಮೇಗೀಯು ಕೇಳಿದ ಪ್ರಶ್ನೆಯನ್ನು ಈ ಹಾಳೆಯು ಕೇಳುವುದಿಲ್ಲ.

ಇದರಿಂದ ಆಟವನ್ನು ತಳ್ಳಿಬಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ಕುಂಬಳಕಾಯಿಯಲ್ಲಿ ರಕ್ತವಿಲ್ಲ, ಹಾಗೆಂದು ಸುಶ್ರುತನ ಶಿಷ್ಯನು ಅದನ್ನು ಬಿಡಲಿಲ್ಲ. ಕಾಯಿಯಲ್ಲಿ ಕೈಯ ಹದವನ್ನು ಕಲಿತನು. ನೋವನ್ನು ಮಾತ್ರ ರೋಗಿಯಿಂದಲೇ ಕಲಿಯಬೇಕಾಯಿತು. ಹಾಗೆಯೇ ಅಧಿಕಾರಿಯು ಆಟದಲ್ಲಿ ಲೆಕ್ಕದ ಹದವನ್ನು ಕಲಿಯಲಿ. ಬಳಿಕ ಇನ್ನೊಂದು ಸಲ ಕುರ್ಚಿಗಳನ್ನು ಬದಲಿಸಿ, ಬಾಡಿಗೆಯವನಾಗಿ, ಬೀದಿಬದಿಯ ಚಿಕ್ಕ ಅಂಗಡಿಯವಳಾಗಿ, ಆಶ್ರಯಶಾಲೆಯ ನಿವಾಸಿಯಾಗಿ ಕುಳಿತು ಅದೇ ಪಟವನ್ನು ನೋಡಲಿ. ಎರಡು ಕಡೆಯಿಂದ ನೋಡಿದವನಿಗೆ ಮಾತ್ರ ವಸ್ತುವಿನ ಗಾತ್ರವು ತಿಳಿಯುವುದು.

ನಮ್ಮ ವಾಚಕರಿಗೂ ಇದರಲ್ಲಿ ಪಾಲುಂಟು. ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಮೇರೆಗೆ ಊರಿನ ಯೋಜನೆಯ ಕರಡನ್ನು ಪ್ರಕಟಿಸಿದಾಗ ಸಾರ್ವಜನಿಕರು ತಮ್ಮ ಅಭಿಪ್ರಾಯಗಳನ್ನು ಸಲ್ಲಿಸಬಹುದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಸಭೆಗಳಲ್ಲಿ ಮೂರರಲ್ಲಿ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟಿದೆ. ಈ ಪುಟವನ್ನು ಓದುತ್ತಿರುವ ಗೃಹಿಣಿಯೇ ನಾಳೆ ಆ ಕುರ್ಚಿಯಲ್ಲಿ ಕುಳಿತುಕೊಳ್ಳಬಹುದು.

ಆದುದರಿಂದ ಮುಂದಿನ ರಜೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಒಂದು ಅಭ್ಯಾಸವನ್ನು ಮಾಡಿರಿ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಕೇರಿಯನ್ನು ಬರೆಯಿರಿ, ಬೆಂಕಿಪೊಟ್ಟಣಗಳೇ ಮನೆಗಳಾಗಲಿ, ಮೇಲೆ ಕೊಟ್ಟ ಅಂಕಿಗಳೇ ಸಾಕು. ಒಬ್ಬನು ಕಟ್ಟುವವನು, ಒಬ್ಬಳು ನಗರಸಭೆಯ ಅಧ್ಯಕ್ಷೆ, ಒಬ್ಬನು ನೆರೆಯವನು, ಒಬ್ಬಳು ಮನೆಯಿಲ್ಲದವಳು. ಹತ್ತು ಪೊಟ್ಟಣಗಳನ್ನು ಮನೆಯಿಲ್ಲದವಳಿಗೆ ಕೊಡಿಸುವವರೆಗೆ ಯಾರೂ ಏಳಕೂಡದು. ಆದರೆ ಕೊಡಿಸಿದ ಪ್ರತಿಯೊಂದಕ್ಕೂ ಬೆಲೆ ತೆತ್ತವರ ಹೆಸರನ್ನು ಬರೆದಿಡಬೇಕು. ಆಟವು ಮುಗಿದ ಮೇಲೆ ಪಾತ್ರಗಳನ್ನು ಬದಲಿಸಿ ಮತ್ತೊಮ್ಮೆ ಆಡಿರಿ.

ಚುನಾವಣೆಯ ಕಾಲದಲ್ಲಿ ಮತ ಬೇಡಲು ಬಂದವನು ಎಲ್ಲರಿಗೂ ಎಲ್ಲವನ್ನೂ ಕೊಡುವೆನೆಂದು ಮಾತು ಕೊಟ್ಟಾಗ, ಒಂದು ಲೋಟ ನೀರನ್ನು ಕೊಟ್ಟು ಉಪಚರಿಸಿ, ‘ಅಯ್ಯಾ, ಇದರ ಬೆಲೆಯನ್ನು ತೆರುವವರು ಯಾರು?’ ಎಂದು ವಿನಯದಿಂದ ಕೇಳಿರಿ. ಉತ್ತರ ಹೇಳಬಲ್ಲವನಿಗೆ ನಿಮ್ಮ ಮತವಿರಲಿ. ಹೇಳಲಾರದವನಿಗೆ ಒಂದು ಸೀಮೆಸುಣ್ಣವನ್ನೂ ಹತ್ತು ಬೆಂಕಿಪೊಟ್ಟಣಗಳನ್ನೂ ಕೊಟ್ಟು ಕಳುಹಿಸಿರಿ.